ಸಂಗವ್ವನ ತುಂಬಿದ ಉಡಿ

ಎಣಿಕೆ ಮುಗಿದು ಸಂಗವ್ವನ ಹೆಸರಿಗೆ ಬಿದ್ದ ಓಟುಗಳನ್ನು ಕೂಗಿದಾಗ ನಾನು ಆ ಅಧಿಕಾರಿಯ ಬಾಯನ್ನೇ ನೋಡುತ್ತ ನಿಂತೆ. ಇನ್ನೂ ಏನೋ ಹೇಳಲಿಕ್ಕಿದೆ ಅಂದುಕೊಂಡೆ. ಅವರು ಮುಂದಿನ ವಾರ್ಡಿಗೆ ಹೋಗಿಬಿಟ್ಟರು. ಅವಳ ಮನೆಯ ಓಟು, ನಮ್ಮ ಮನೆಯ ಓಟು, ಮುಗಿಯಿತು. ಇಡೀ ಓಣಿ ಎಲ್ಲಿ ಹೋಯಿತು?

ನಾನು ಅಫ್ಸಾನಾ. ಹುನಗುಂದದ ಕಡೆಯ ನಮ್ಮ ಸಣ್ಣ ಊರಿನಲ್ಲಿ ಕುಪ್ಪಸ ಹೊಲಿಯುತ್ತೇನೆ. ಸಂಗವ್ವ ಪಕ್ಕದ ಮನೆಯವಳು, ಇಳಕಲ್ಲ ಸೀರೆ ನೇಯುತ್ತಾಳೆ. ಬಾಯಿ ಜೋರು. ಕರೆಂಟು ತೆಗೆದರೆ ಲೈನ್‌ಮನ್ನನ ಮನೆಯವರೆಗೂ ಹೋಗಿ ಬೈದು ಬರುವ ಹೆಣ್ಣು. ಅಂಥವಳು ಚುನಾವಣೆಗೆ ನಿಂತದ್ದು ಒಂದು ಬಯಲಿಗಾಗಿ.

ಆ ಬಯಲು ನಮ್ಮ ಓಣಿಯ ಹಿಂದಿದೆ. ಊರಿನ ನಕ್ಷೆಯಲ್ಲಿ ಅದು ಗಾರ್ಡನ್ ಜಾಗವಂತೆ. ಗಾರ್ಡನ್ ನಾವ್ಯಾರೂ ಕಂಡಿಲ್ಲ, ನಾಲ್ಕಾರು ಬೇವಿನ ಮರಗಳಿವೆ. ಬೆಳಿಗ್ಗೆ ನೇಕಾರ ಹೆಂಗಸರು ಸೀರೆಯ ಹಾಸಿನ ಎಳೆಗಳನ್ನು ಅಲ್ಲಿ ಉದ್ದಕ್ಕೆ ಚಾಚಿ ಬಿಗಿ ಮಾಡುತ್ತಾರೆ. ಅಷ್ಟು ಉದ್ದದ ಜಾಗ ಯಾರ ಮನೆಯೊಳಗಿದೆ? ಅಂಗನವಾಡಿಯೂ ಆ ಬೇವಿನ ನೆರಳಲ್ಲೇ ನಡೆಯುತ್ತದೆ. ವಾರ್ಡಿನ ಸದಸ್ಯ ಶಂಕರಲಿಂಗ ಅಲ್ಲಿ ಮಳಿಗೆ ಕಟ್ಟಿಸಲು ಹೊರಟಿದ್ದ. ಸಂಗವ್ವ ಕೇಳಲು ಹೋದರೆ, "ಹೆಣ್ಮಗಳಿಗೆ ಯಾಕ ಬೇಕವ್ವಾ ಊರ ಉಸಾಬರಿ?" ಎಂದು ನಕ್ಕನಂತೆ. ಆ ನಗು ಅವಳನ್ನು ಚುಚ್ಚಿತು. ಮರುವಾರವೇ ಅವನ ಎದುರು ಅರ್ಜಿ ಹಾಕಿಬಂದಳು.

ಚುನಾವಣೆಯ ಗುರುತಾಗಿ ಅವಳಿಗೆ ಸಿಕ್ಕಿದ್ದು ಹೊಲಿಗೆ ಯಂತ್ರ. "ನೇಯಾಕಿಗಿ ನಿನ್ನ ಮಿಷನ್ ಕೊಟ್ಟಾರ ನೋಡ," ಎಂದು ನಕ್ಕಳು. ಇಬ್ಬರೂ ಮನೆ ಮನೆ ಹತ್ತಿ ಇಳಿದೆವು. "ಬಯಲು ಉಳಸೂಣ್ರಿ, ಅಂಗನವಾಡಿಗೊಂದು ಸೂರು ಮಾಡಸ್ತೇನಿ," ಎಂದು ಅವಳು ಹೇಳುವಳು. ಎಲ್ಲರೂ ಕೂಡಿಸಿ ಚಹಾ ಕೊಟ್ಟರು. ಏಳುವಾಗ ಕುಂಕುಮ ಹಚ್ಚಿ ಉಡಿ ತುಂಬಿದರು: ಅಕ್ಕಿ, ಕಾಯಿ, ಎಲೆ ಅಡಿಕೆ, ಮೇಲೊಂದು ಕುಪ್ಪಸದ ಖಣ. ಓಣಿಯ ಮುದುಕಿ ಗುಲಾಬಬಿಯೂ ಉಡಿ ತುಂಬದೆ ಬಿಡಲಿಲ್ಲ. ಎದುರು ಮನೆಯ ಸುನಂದಾ ಟ್ರಂಕಿನ ತಳದಿಂದ ಗುಳೇದಗುಡ್ಡದ ಕೆಂಪು ಖಣ ತೆಗೆದು ಕೊಟ್ಟು, "ಇನ್ನ ನೀ ನಮ್ಮನಿ ಮಗಳಕ್ಕಾ," ಅಂದಳು. ಸಂಗವ್ವನ ಕಣ್ಣು ತುಂಬಿದವು. ಖಣದ ಚೀಲ ಹಿಡಿದು ಹಿಂದೆ ನಡೆದವಳು ನಾನು. ಚೀಲ ಉಬ್ಬಿದಷ್ಟೂ ನಾವು ಉಬ್ಬಿದೆವು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ನಾನಂತೂ ಅವಳು ಗೆದ್ದ ದಿನ ತೊಡಲೆಂದು ಕುಪ್ಪಸಕ್ಕೆ ಅಳತೆಯನ್ನೂ ಹಿಡಿದಿದ್ದೆ!

ಎಣಿಕೆ ಕೇಂದ್ರದಿಂದ ಅವಳು ಮನೆಗೆ ಹೋಗಲಿಲ್ಲ, ನೆಟ್ಟಗೆ ಸುನಂದಾಳ ಮನೆಗೆ ನಡೆದಳು.

"ಉಡಿ ತುಂಬಿದೆಲ್ಲ ಸುನಂದಾ, ಓಟ ಎಲ್ಲಿ?"

ಸುನಂದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಸಿಟ್ಟಾಗಬ್ಯಾಡಕ್ಕಾ. ನೀ ಬರೂಕಿಂತ ಮೊದಲ ಶಂಕರಲಿಂಗಣ್ಣಾರು ಬಂದಿದ್ರು. ಒಂದು ಮಳಗಿ ನಿಮಗ ಅಂದ್ರು. ನಮ್ಮನಿಯವರು ಮಾತು ಕೊಟ್ಟಬಿಟ್ಟಿದ್ರು."

"ಮತ್ತ ಉಡಿ ಯಾಕ ತುಂಬಿದಿ?"

"ಓಟ ಕೊಡೂದಿಲ್ಲಂತ ಗೊತ್ತಿತ್ತಲ್ಲಕ್ಕಾ, ಅದಕ್ಕ. ಬಾಗಿಲಿಗೆ ಬಂದ ಮುತ್ತೈದಿನ್ನ ಬರೀ ಉಡೀಲೆ ಹೆಂಗ ಕಳಸೂದು?"

ಆಗ ನನಗೆ ಹೊಳೆಯಿತು. ತವರಿನವರು ಮಗಳ ಉಡಿ ತುಂಬುವುದು ಅವಳನ್ನು ಕಳಿಸಿಕೊಡುವಾಗ. ಮನೆ ಮನೆಯಲ್ಲೂ ಅವಳನ್ನು ಕಳಿಸಿಕೊಟ್ಟಿದ್ದರು, ನಾವಿಬ್ಬರು ಹುಚ್ಚಿಯರು ಬರಮಾಡಿಕೊಂಡರು ಎಂದು ತಿಳಿದಿದ್ದೆವು. ಕೇಳಿದ ಮನೆಯಲ್ಲೆಲ್ಲ ಅದೇ ಉತ್ತರ, ಅದೇ ಮಳಿಗೆ. ಶಂಕರಲಿಂಗ ಮಾತು ಕೊಟ್ಟಷ್ಟು ಮಳಿಗೆ ಕಟ್ಟಬೇಕಾದರೆ ನಮ್ಮ ಓಣಿಯನ್ನೂ ಕೆಡವಬೇಕು.

ಸಂಗವ್ವ ಮಾತು ಬಿಟ್ಟಳು. ಅವಳ ಮಗ್ಗದ ಸದ್ದೂ ನಿಂತಿತು. ನನಗೆ ಓಣಿಯನ್ನು ಕಂಡರೆ ಮೈ ಉರಿಯುತ್ತಿತ್ತು. ಸುನಂದಾಳ ಕುಪ್ಪಸವನ್ನು ಬೇಕೆಂದೇ ತಡ ಮಾಡಿದೆ.

ಒಂದು ಮುಂಜಾನೆ ಬಯಲಿಗೆ ಜೆಸಿಬಿ ಬಂತು. ಹಿಂದೆ ಶಂಕರಲಿಂಗ, ಅವನ ಹಿಂದೆ ಮಳಿಗೆಯ ಆಸೆ ಹೊತ್ತ ಗಂಡಸರು. ಸಂಗವ್ವ ನನ್ನ ಮನೆಗೆ ಬಂದು ಮೊಳೆಗೆ ತೂಗುಹಾಕಿದ್ದ ಖಣದ ಚೀಲ ತೆಗೆದುಕೊಂಡಳು. ಅವರವರ ಬಾಗಿಲಿಗೆ ಎಸೆದು ಬರುತ್ತಾಳೆ ಅಂತಲೇ ನಾನು ಹಿಂದೆ ಓಡಿದೆ. ಅವಳು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಖಣ ಬಿಚ್ಚಿ ನೆಲದ ಮೇಲೆ ಹಾಸತೊಡಗಿದಳು. ಗಾಳಿಗೆ ಹಾರದಂತೆ ಮೂಲೆಗೆ ಕಲ್ಲಿಟ್ಟಳು.

"ಇದು ಸುನಂದಾನ ಮನೀದು. ಇದು ಗುಲಾಬಬಿ ಅವರದು. ನಿಮ್ಮ ನಿಮ್ಮ ಖಣ ಎತಗೊಂಡ ಹೋಗ್ರಿ. ಇಲ್ಲಾಂದ್ರ ಗಾಡಿ ಹಾಯಲಿ. ನಾ ಏನೂ ಅನ್ನೂದಿಲ್ಲ."

ಓಣಿಯ ಹೆಂಗಸರು ಅಲ್ಲಲ್ಲೇ ನಿಂತರು. ತುಂಬಿದ ಉಡಿಯನ್ನು ಮರಳಿ ಎತ್ತುವುದೆಂದರೆ ಮಗಳು ಸತ್ತಳು ಅಂದಂತೆ. ಮುತ್ತೈದೆಗೆ ಕೊಟ್ಟ ಖಣದ ಮೇಲೆ ಗಾಲಿ ಹರಿದರೆ? ಅದಕ್ಕಿಂತ ಅಪಶಕುನ ಬೇರಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಯಿತು ಅವರ ಗತಿ.

"ಏನ ನಾಟಕ ಹಚ್ಚೀರಿ? ಎತ್ರಿ ಆ ಅರಬಿ!" ಎಂದು ಶಂಕರಲಿಂಗ ಕೂಗಿದ. ಅವನ ಕಡೆಯ ಒಬ್ಬ ಗಂಡಸೂ ಬಗ್ಗಲಿಲ್ಲ.

ಸುನಂದಾ ಬಂದಳು. ಕೆಂಪು ಖಣದ ಹತ್ತಿರ ಬಗ್ಗಿದಳು. ಎತ್ತಿಯೇಬಿಟ್ಟಳು ಅಂತ ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳು ಖಣದ ಪಕ್ಕದಲ್ಲಿ ಕೂತಿದ್ದಳು.

"ಏಳ ಮ್ಯಾಲ! ಮಳಗಿ ಬ್ಯಾಡೇನ?" ಎಂದು ಅವಳ ಗಂಡ ದುರಗಪ್ಪ ಒದರಿದ.

"ನೀವ ಬಂದು ಎತ್ರಿ ನೋಡೂಣು."

ದುರಗಪ್ಪ ಖಣ ನೋಡಿದ, ನೆಲ ನೋಡಿದ, ಹಿಂದೆ ಸರಿದ. ಗುಲಾಬಬಿ ಮೊಣಕಾಲು ಹಿಡಿದುಕೊಂಡು ಬಂದು ತನ್ನ ಖಣದ ಹತ್ತಿರ ಕೂತರು. ಆಮೇಲೆ ಒಬ್ಬೊಬ್ಬರೇ ಬಂದರು. ಜೆಸಿಬಿಯವನು ಚಾವಿ ತಿರುವಿ ಗಾಡಿ ಬಂದ್ ಮಾಡಿ ಕೆಳಗಿಳಿದ.

ಈಗಲೂ ನಮ್ಮ ಸದಸ್ಯ ಶಂಕರಲಿಂಗನೇ. ಬಯಲೂ ಇದೆ, ಬೆಳಿಗ್ಗೆ ಹಾಸು ಚಾಚುತ್ತಾರೆ. ಸುನಂದಾ ಸಂಗವ್ವನ ಜೊತೆ ಎಳೆ ಹಿಡಿಯುತ್ತಾಳೆ, ನಗುತ್ತಾರೆ ಕೂಡ. ಖಣದ ಚೀಲ ಮತ್ತೆ ನಮ್ಮ ಮನೆಯ ಮೊಳೆಗೆ ಬಂದಿದೆ. ಮೊನ್ನೆ ನಾನು, "ಇನ್ನರ ಕುಬಸಾ ಹೊಲೀಲೇನ?" ಎಂದು ಕೇಳಿದೆ. ಸಂಗವ್ವ ಓಣಿಯ ಕಡೆ ಒಮ್ಮೆ ನೋಡಿದಳು.

"ಬ್ಯಾಡ. ಹಂಗ ಇರಲಿ. ಮತ್ತ ಹಾಸಬೇಕಾಗ್ತದ."