ಮೂರನೇ ಸಾಲಿನಲ್ಲಿ ಸೂಜಕ್ಕ

ರಂಗಮಂದಿರದ ಹಿಂಬಾಗಿಲ ಪಕ್ಕ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ನಾಟಕದ ಬಟ್ಟೆ ಹೊಲಿಯುತ್ತಿದ್ದಳು. ನಟರ ಬಾಯಲ್ಲಿ ಅವಳು ಸೂಜಕ್ಕ. ರಾಜನಿಗೆ ಹೊಟ್ಟೆ ಬಂದರೆ ಸೊಂಟ ಸಡಿಲಿಸುವವಳು, ರಾಣಿ ಸೊರಗಿದರೆ ತೋಳು ಬಿಗಿ ಮಾಡುವವಳು ಅವಳೇ. ಆದರೆ ಒಂದೇ ಒಂದು ನಾಟಕವನ್ನೂ ಎದುರು ಕೂತು ನೋಡಿರಲಿಲ್ಲ.

ಐವತ್ತು ತುಂಬಿದ ವಾರ ಮನಸ್ಸು ಮಾಡಿ, ಹೊಸ ನಾಟಕದ ಮೊದಲ ಪ್ರದರ್ಶನಕ್ಕೆ ತನಗೂ ತಂಗಿಗೂ ಟಿಕೆಟ್ ಕೊಳ್ಳಲು ಹೋದಳು.

"ನಿಮಗೆ ಪಾಸ್ ಕೊಡ್ತೀವಲ್ಲ ಸೂಜಕ್ಕ," ಎಂದ ಟಿಕೆಟ್ ಕೊಡುವವನು.

"ಇವತ್ತು ನಾನು ಗಿರಾಕಿ. ಒಳ್ಳೇ ಸೀಟು ಕೊಡಪ್ಪ."

ಅಂದು ಸಂಜೆ ತಾನೇ ಹೊಲಿದ ನೀಲಿ ಕೋಟು ತೊಟ್ಟು ಮೂರನೇ ಸಾಲಿನಲ್ಲಿ ಕೂತಳು. ನಾಟಕ ಶುರುವಾಗಲು ಹತ್ತು ನಿಮಿಷವಿದ್ದಾಗ ತಂಗಿಯ ಫೋನ್ ಬಂತು.

"ಅಕ್ಕಾ, ಬೇಜಾರು ಮಾಡ್ಕೋಬೇಡ. ದಿಢೀರ್ ಅಂತ ನೆಂಟರು ಬಂದ್ಬಿಟ್ರು."

"ಆಯ್ತು ಬಿಡು," ಎಂದು ಪಕ್ಕದ ಕುರ್ಚಿಯ ಮೇಲೆ ಕೈಚೀಲ ಇಟ್ಟಳು. ಮೋರೆ ಮಾತ್ರ ಸಪ್ಪಗಾಯಿತು.

ರಾಜ ರಂಗಕ್ಕೆ ಬಂದ. ಅವನ ನಿಲುವಂಗಿಯ ಅಂಚಿಗೆ ಮೂರು ವಾರ ಕಣ್ಣು ನೋಯಿಸಿಕೊಂಡು ಬೆಳ್ಳಿ ಎಳೆ ಹಾಕಿದ್ದಳು. ಮಬ್ಬು ಬೆಳಕಿನಲ್ಲಿ ಅದು ಕಾಣಲೇ ಇಲ್ಲ. ಇಷ್ಟಕ್ಕಾಗಿ ಜೀವ ತೇದೆನೇ ಎನ್ನಿಸಿತು.

ವಿರಾಮದಲ್ಲಿ ಎಲ್ಲರೂ ಗುಂಪು ಗುಂಪಾಗಿ ನಗುತ್ತಿದ್ದರು. ಅವಳು ಚಹಾದ ಲೋಟ ಹಿಡಿದು ಕಂಬದ ಬಳಿ ನಿಂತಳು. ಪಕ್ಕದಲ್ಲೊಬ್ಬ ಹೆಂಗಸು ಗಂಡನಿಗೆ ಹೇಳುತ್ತಿದ್ದಳು: "ಬಟ್ಟೆ ಯಾಕೋ ಡಲ್ಲು ಕಣ್ರೀ. ಬಾಡಿಗೇದಿರ್ಬೇಕು."

ಸೂಜಕ್ಕನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನೇರ ಒಳಬಾಗಿಲ ತನಕ ಹೋದಳು. ಆಚೆಗೆ ತನ್ನ ಕೋಣೆ, ತನ್ನ ಸ್ಟೂಲು, ಕರೆದು ಕೂರಿಸುವ ಜನ. ಚಿಲಕದ ಮೇಲೆ ಕೈಯಿಟ್ಟವಳು ತಡೆದಳು. ಕದ್ದು ಓಡುವಂಥದ್ದು ನಾನೇನು ಮಾಡಿದ್ದೇನೆ?

ವಾಪಸು ಬಂದು ಆ ಹೆಂಗಸಿನ ಎದುರು ನಿಂತಳು. "ಬಾಡಿಗೇದಲ್ಲ ಕಣಮ್ಮ, ನಾನೇ ಹೊಲಿದದ್ದು. ಬೆಳಕು ಸಾಲದು, ಅಷ್ಟೆ."

ಹೆಂಗಸು ತಬ್ಬಿಬ್ಬಾದಳು. "ಅಯ್ಯೋ, ಗೊತ್ತಿರ್ಲಿಲ್ಲ..." ಎಂದು ಗಂಡನ ತೋಳು ಹಿಡಿದು ಸರಿದುಹೋದಳು. ಸೂಜಕ್ಕ ಪರದೆ ಬೀಳುವವರೆಗೂ ಒಬ್ಬಳೇ ಕೂತು ನಾಟಕ ನೋಡಿದಳು.

ಬೆಳಿಗ್ಗೆ ನಿರ್ದೇಶಕನನ್ನು ಹಿಡಿದಳು. "ರಾಜನ ಮೇಲೆ ಒಂದಿಷ್ಟು ದೀಪ ಬಿಡಿ ಸಾರ್. ಇಲ್ಲಾಂದ್ರೆ ಮುಂದಿನ ಸಲ ಹಳೇ ಪರದೆ ಸುತ್ತಿ ಕಳಿಸ್ತೀನಿ."

ಅವನು ನಕ್ಕುಬಿಟ್ಟ. ಅವಳು ನಗಲಿಲ್ಲ. ಕೊನೆಗೆ ರಾಜನ ನಿಲುವಂಗಿಯನ್ನು ರಂಗದ ಮೇಲೆ ಅದೇ ಮಬ್ಬು ಬೆಳಕಿನಲ್ಲಿ ತೂಗುಹಾಕಿಸಿ, ಅವಳ ಜೊತೆ ಮೂರನೇ ಸಾಲಿಗೆ ಬಂದು ಕೂತು ನೋಡಿದ. "ಹೌದಲ್ಲ, ಏನೂ ಕಾಣ್ತಿಲ್ಲ," ಎಂದು ಬೆಳಕಿನವನನ್ನು ಕೂಗಿದ.

ಈಗ ಪ್ರತಿ ಹೊಸ ನಾಟಕದ ಮೊದಲ ದಿನ ಅವಳು ಒಂದೇ ಟಿಕೆಟ್ ಕೊಳ್ಳುತ್ತಾಳೆ. ವಿರಾಮದ ಆ ಹದಿನೈದು ನಿಮಿಷ ಇವತ್ತಿಗೂ ಉದ್ದವೇ. ಆದರೂ ಕಂಬ ಬಿಟ್ಟು ಜನರ ನಡುವೆ ನಿಲ್ಲುತ್ತಾಳೆ, ಯಾರು ಏನೆನ್ನುತ್ತಾರೆಂದು ಕಿವಿಗೊಡುತ್ತಾಳೆ, ಬೇಕೆನಿಸಿದರೆ ತಾನೂ ಒಂದು ಮಾತು ಸೇರಿಸುತ್ತಾಳೆ.