ನಯವಾದ ಸಂದೇಶಕ್ಕೆ ಮುನಿಸಿಕೊಂಡ ಗಿರಾಕಿ

ಸೋಲಾಪುರದ ಒಂದು ಚಾದರದ ಹೋಲ್‌ಸೇಲ್ ಅಂಗಡಿಯಲ್ಲಿ ಪತ್ರ ಬರೆಯುವುದು ನನ್ನ ಉದ್ಯೋಗ. ಹೊರದೇಶದವರಿಗೆ ಇಂಗ್ಲಿಷು, ಪುಣೆಯವರಿಗೆ ಮರಾಠಿ, ಅಕ್ಕಲಕೋಟ ಕಡೆಯ ಅಂಗಡಿಕಾರರಿಗೆ ಕನ್ನಡ. ಮೊದಲು ಕಾಗದದ ಮೇಲೆ ಬರೆಯುತ್ತಿದ್ದೆ, ಈಗ ಮೊಬೈಲಿನಲ್ಲಿ. ಇಂಗ್ಲಿಷನ್ನು ಕೆಲವು ಕಾಲದಿಂದ ಎಐ ನೋಡಿಕೊಳ್ಳುತ್ತದೆ. ನಾನು ಓದಿ, ತಿದ್ದಿ ಕಳಿಸುತ್ತೇನೆ. ಅದಕ್ಕೆ ನನ್ನ ತಕರಾರಿಲ್ಲ. ಆ ಪತ್ರಗಳನ್ನು ಬರೆದು ಬರೆದು ಜೀವ ಸಾಕಾಗಿತ್ತು.

ಕನ್ನಡದ್ದು ಬೇರೆ. ಅಲ್ಲಿ ನಾನು ಬೈಯುತ್ತಿದ್ದೆ. ಹೌದು, ಗಿರಾಕಿಗಳನ್ನೇ! ಅಕ್ಕಲಕೋಟದ ಒಬ್ಬ ವ್ಯಾಪಾರಿಯಂತೂ ಮಾಲು ಕಟ್ಟಿದ ಮೇಲೆಯೇ ಬಣ್ಣ ಬದಲಿಸುವ ಆಸಾಮಿ. 'ಹಸಿರು ಬೇಡ, ಕೆಂಪು ಕಳಿಸಿರಿ ಅನ್ನುತ್ತೀರಲ್ಲ, ನಮ್ಮ ಚಿಂಚೋಳಿ ಕಾರ್ಖಾನೆಯಲ್ಲಿ ಇಟ್ಟಿರುವುದು ಮಗ್ಗಗಳನ್ನೋ ಗೋಸುಂಬೆಗಳನ್ನೋ?' ಎಂದು ಒಮ್ಮೆ ಬರೆದಿದ್ದೆ. ಆತ ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಓದಲು ತಡವರಿಸುತ್ತಾನೆ. ಹಾಗಾಗಿ ನನ್ನ ಸಂದೇಶ ಬಂದರೆ ವಿಜಯಪುರದ ತವರಿನ ಅವನ ಹೆಂಡತಿ ಗಾದಿಯ ಮೇಲೆ ಕೂತು, ಬಂದವರೆಲ್ಲರ ಎದುರು, ಗಟ್ಟಿಯಾಗಿ ಓದಬೇಕು. ಚಾದರ ಕೊಳ್ಳಲು ಬಂದ ನಾಗಣಸೂರಿನ ರೈತರೂ ಹಲ್ಲು ಬಿಟ್ಟುಕೊಂಡು ಕೇಳುತ್ತಿದ್ದರಂತೆ. ಆಮೇಲೆ ಆತ ಫೋನ್ ಮಾಡಿ, "ಅಕ್ಕಾರ, ಈ ಸಲ ಭಾಳ ಜೋರ್ ಆತ್ರಿ" ಎಂದು ನಕ್ಕು, ಕಟ್ಟಿದ ಮಾಲನ್ನೇ ತೆಗೆದುಕೊಳ್ಳುತ್ತಿದ್ದ.

ಹೋದ ವರ್ಷ ನಮ್ಮ ಮಾಲಕರಿಗೆ ಇದ್ದಕ್ಕಿದ್ದಂತೆ ಬುದ್ಧಿ ಬಂತು.

"ಗಿರಾಕಿಗೆ ಹಿಂಗ ಬೈದ್ರ ಧಂದಾ ಹೆಂಗ ನಡೀಬೇಕ್ರಿ? ಕನ್ನಡಾನೂ ಎಐಗೆ ಹಾಕ್ರಿ. ಛಂದ ಮಾಡಿ ಕೊಡತೈತಿ."

ವಾದ ಮಾಡಲು ನನಗೆ ತ್ರಾಣವಿರಲಿಲ್ಲ. ದೀಪಾವಳಿ ಮಾಲಿನ ಸಂದೇಶವನ್ನು ಅದಕ್ಕೆ ಒಪ್ಪಿಸಿದೆ. 'ತಮ್ಮ ಅಮೂಲ್ಯ ಸಹಕಾರಕ್ಕೆ ಹೃತ್ಪೂರ್ವಕ ಧನ್ಯವಾದಗಳು. ಬಣ್ಣಗಳ ಬದಲಾವಣೆಯಿಂದ ಉಂಟಾಗಬಹುದಾದ ವಿಳಂಬಕ್ಕೆ ವಿಷಾದಿಸುತ್ತೇವೆ' ಎಂದು ಬರೆದುಕೊಟ್ಟಿತು. ಒಂದಕ್ಷರ ತಪ್ಪಿಲ್ಲ. ಕಳಿಸಿದೆ.

ಅಕ್ಕಲಕೋಟದಿಂದ ಫೋನ್ ಬರಲಿಲ್ಲ. ಹಬ್ಬ ಹತ್ತಿರ ಬಂದರೂ ಆರ್ಡರ್ ಬರಲಿಲ್ಲ. ಆತ ಬೇರೆ ಹೋಲ್‌ಸೇಲಿನವರ ಚಾದರ ಇಟ್ಟಿದ್ದಾನೆಂದು ನಮ್ಮ ಟೆಂಪೋ ಚಾಲಕ ಸುದ್ದಿ ತಂದ. ಮಾಲಕರ ಮುಖ ಇಳಿಯಿತು. "ಹೋಗಿ ಬರ್ರಿ, ಕಾಯ್ ಝಾಲ, ಏನಾತು ಅಂತ ಕೇಳ್ರಿ" ಎಂದು ನನ್ನನ್ನೇ ಬಸ್ಸು ಹತ್ತಿಸಿದರು. ಕೆಡಿಸಿದವರು ಅವರು, ಬಸ್ಸಿನಲ್ಲಿ ಸೊಂಟ ಮುರಿದುಕೊಳ್ಳುವವಳು ನಾನು!

ಅಂಗಡಿಯಲ್ಲಿ ನನ್ನನ್ನು ಕಂಡವನೇ ಆತ ಎದ್ದು ನಿಂತ. ಕುರ್ಚಿ ತರಿಸಿದ. ಅದುವರೆಗೆ ಗಾದಿಯ ಮೇಲೇ ಸರಿದು ಜಾಗ ಕೊಡುತ್ತಿದ್ದವನು. ನನಗೆ ಸಿಟ್ಟು ನೆತ್ತಿಗೇರಿತು.

"ಏನ್ರಿ ಇದು, ಬೀಗರಿಗೆ ಮಾಡ್ದಂಗ ಮಾಡಾಕತ್ತೀರಿ?"

"ಮತ್ತ ನೀವ ಶುರು ಮಾಡೀರಲ್ರಿ," ಅಂದ. "ಧನ್ಯವಾದ ಅಂತ, ವಿಷಾದ ಅಂತ. ನಮ್ಮಾಕಿ ಓದಿ ಮುಗಿಸಿದ್ರ ಅಂಗಡ್ಯಾಗ ಯಾರೂ ಪಿಟ್ಟಂತ ಅನ್ಲಿಲ್ಲ. ಕೋರ್ಟಿನ ನೋಟಿಸ್ ಬಂದೈತಿ ಅನ್ಕೊಂಡ್ರು. ನಮ್ಮನ್ನ ಬಿಡೋದಿದ್ರ ಸೀದಾ ಹೇಳಬೇಕಿತ್ತ್ರಿ."

"ಅಕ್ಕಾರಿಗೆ ಆರಾಮ್ ಇಲ್ಲ ಕಾಣ್ತೈತಿ ಅಂತ ನಾ ಹೇಳ್ದೆರಿ. ಇವರು ಕೇಳ್ಲಿಲ್ಲ," ಎಂದಳು ಅವನ ಹೆಂಡತಿ.

ಬರೆದದ್ದು ಎಐ ಎಂದು ತಿಳಿಸಿ ಹೇಳಿದೆ. ಆಮೇಲೆ ಇಡೀ ಅಂಗಡಿಗೆ ಕೇಳುವಂತೆ ಬೈದೆ. "ಇಷ್ಟು ವರ್ಷ ಬಣ್ಣ ಬದಲಿ ಮಾಡಿ ನಮ್ಮ ತಲಿ ತಿಂದ್ರಿ. ಈಗ ನಮ್ಮನ್ನ ಬದಲಿ ಮಾಡಾಕ ಹೊಂಟೀರೇನು?" ಆತ ನಕ್ಕ. ಕುರ್ಚಿ ಒಳಗೆ ಹೋಯಿತು. ಊಟ ಮಾಡಿಸಿಯೇ ಕಳಿಸಿದರು. ಸುಳ್ಳೇಕೆ ಹೇಳಲಿ, ವಾಪಸ್ ಬರುವ ಬಸ್ಸಿನಲ್ಲಿ ನನಗೆ ಹೆಮ್ಮೆಯಾಗಿತ್ತು. ನನ್ನ ಮಾತಿಲ್ಲದೆ ಈ ವ್ಯಾಪಾರ ನಡೆಯದು ಅಂದುಕೊಂಡೆ.

ಮಾಲಕರು ನಡೆದದ್ದನ್ನೆಲ್ಲ ಕೇಳಿಸಿಕೊಂಡು ತಲೆಯಾಡಿಸಿದರು. ಮರುದಿನವೇ ನನ್ನ ಹಳೆಯ ಸಂದೇಶಗಳನ್ನು, ವರ್ಷಗಟ್ಟಲೆಯ ಬೈಗುಳಗಳನ್ನು, ಎಐಗೆ ಸುರಿದು ಇದೇ ಥರ ಬರೆ ಎಂದರು. ಅದು ಬರೆಯಿತು. ಸಂಕ್ರಾಂತಿಯ ಮಾಲಿಗೆ ಅದರದೇ ಬೈಗುಳ ಹೋಯಿತು. ನನಗೊಂದು ಮಾತು ಹೇಳಲಿಲ್ಲ.

ಸಂಜೆ ಅಕ್ಕಲಕೋಟದ ಫೋನು. ಹಿಂದೆ ಅಂಗಡಿ ತುಂಬ ನಗು.

"ಅಕ್ಕಾರ, ಈಗ ನೋಡ್ರಿ ಮೊದಲಿನಂಗ ಆತು! ನಕ್ಕ ನಕ್ಕ ಸಾಕಾತ್ರಿ."

ಮಾಲಕರು ಮಾಡಿದ್ದು ನನಗೆ ಆಗ ಹೊಳೆಯಿತು.

"ಅದು ನಾ ಬರದಿದ್ದಲ್ರಿ. ಅದೂ ಎಐನ ಬರದೈತಿ."

"ಹೋಗ್ಲಿ ಬಿಡ್ರಿ. ಯಾರ್ ಬರದ್ರೇನು, ಬೈಗಳ ಬಂತಲ್ಲ," ಅಂದ.

ಆತ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅದು ಇನ್ನೂ ಕಷ್ಟ. ಸಂದೇಶ ತೆಗೆದು ಓದಿದೆ. ಚೆನ್ನಾಗಿತ್ತು. ನಾನೇ ಬರೆದಿದ್ದರೂ ಹೀಗೆಯೇ ಬರೆಯುತ್ತಿದ್ದೆ, ಬಹುಶಃ ಇದಕ್ಕಿಂತ ತುಸು ಸಪ್ಪೆಯಾಗಿ. ಓದುತ್ತ ನಗು ಬಂತು, ಆಮೇಲೆ ಅಳು ಬಂತು.

ಈಗ ಲಗ್ನದ ಹಂಗಾಮಿನ ಮಾಲು. ಇದನ್ನು ನಾನೇ ಬರೆಯುತ್ತೇನೆಂದು ಮಾಲಕರ ಎದುರು ಹಟ ಹಿಡಿದು ಕೂತಿದ್ದೇನೆ. ನಾನು ಇದುವರೆಗೆ ಆಡಿದ್ದೆಲ್ಲ ಅದರ ಹೊಟ್ಟೆಯಲ್ಲಿದೆ. ನನ್ನದು ಅನ್ನಿಸಿಕೊಳ್ಳಬೇಕಾದರೆ ಎಂದೂ ಬೈಯದ ಹಾಗೆ ಬೈಯಬೇಕು. ಬೆಳಗಿನಿಂದ ಒಂದು ಸಾಲು ಬರೆದೆ, ಹಳೆಯದಾಯಿತೆಂದು ಅಳಿಸಿದೆ. ಇನ್ನೊಂದು ಬರೆದೆ, ಬಹಳ ಖುಷಿಯಾಯಿತು. ಆಮೇಲೆ ಸಂಕ್ರಾಂತಿಯ ಸಂದೇಶ ತೆಗೆದು ನೋಡಿದರೆ, ಅದನ್ನು ಎಐ ಆಗಲೇ ಬರೆದಿತ್ತು.