ಪಡುಗೋಡೆಯ ಕಿಟಕಿ

ನಾವುಂದದ ನಮ್ಮ ಮನೆಯಿಂದ ಸಮುದ್ರ ಒಂದು ಕೂಗಳತೆ. ಆದರೂ ಮದುವೆಯಾಗಿ ಇಲ್ಲಿಗೆ ಬಂದು ಅರವತ್ತು ವರ್ಷ ದಾಟಿದ ನನ್ನಮ್ಮ, ಸೂರ್ಯ ನೀರಿಗಿಳಿಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ. ಹೊತ್ತು ಕಂತುವ ಮೊದಲೇ ದೇವರ ಮುಂದೆ ದೀಪ ಹಚ್ಚಬೇಕು, ಹಚ್ಚಿದವಳು ಪೂರ್ತಿ ಕತ್ತಲಾಗುವ ತನಕ ಅಲ್ಲಿಂದ ಏಳಬಾರದು ಎಂಬುದು ಅವಳ ಅತ್ತೆ ಕಲಿಸಿದ ಪಾಠ. ಊರೂರಿನ ಜನ ಹತ್ತಿರದ ತ್ರಾಸಿಯ ಕಡಲ ಬದಿಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವ ಆ ಸೂರ್ಯನಿಗೆ ಅಮ್ಮ ದಿನಾ ಗೋಡೆಯೊಂದನ್ನು ಅಡ್ಡ ಇಟ್ಟುಕೊಂಡು ಬತ್ತಿ ಹೊಸೆಯುತ್ತಿದ್ದಳು. ಮಳೆಗಾಲದ ಗಾಳಿ ನೇರ ಬಂದು ಬಡಿಯುವ ಪಡುಗೋಡೆಗೆ ಹಿಂದಿನವರು ಕಿಟಕಿ ಇಡುತ್ತಿರಲಿಲ್ಲ.

ಅವಳ ಕಣ್ಣಿನ ಒತ್ತಡ ಹೆಚ್ಚಾಗಿದೆಯೆಂದು ಗೊತ್ತಾದದ್ದು ಎರಡು ವರ್ಷದ ಹಿಂದೆ, ಮಳೆ ಮುಗಿಯುವ ಹೊತ್ತಿಗೆ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಉಳಿದದ್ದೂ ಅಂಚಿನಿಂದ ಒಳಕ್ಕೆ ಸಣ್ಣದಾಗುತ್ತಾ ಬರಬಹುದು ಅಂದರು ಡಾಕ್ಟರು. ಮನೆಗೆ ಬಂದ ಸಂಜೆ ಅಮ್ಮ ಚಾ ಕುಡಿಯುತ್ತಾ, ತವರೂರು ಕೊಕ್ಕರ್ಣೆಯನ್ನು ನೆನೆದು, ಯಾರಿಗೋ ಹೇಳುವ ಹಾಗೆ ಹೇಳಿದಳು: "ಕೊಕ್ಕರ್ಣೆಯಂಗೆ ಹೊತ್ತ್ ಗುಡ್ಡದ್ ಹಿಂದ್ ಕಂತುದ್. ಇಲ್ಲ್ ನೀರಂಗೆ ಕಂತುದಂಬ್ರ್. ಒಂದ್ ಸಲ ಕಾಣ್ಕಿತ್ತ್."

ಸೂರ್ಯ ನೀರಲ್ಲಿ ಕಂತುವುದನ್ನು ಒಮ್ಮೆ ನೋಡಬೇಕೆಂಬ ಅವಳ ಆಸೆ ಇಷ್ಟು ವರ್ಷ ತಿಳಿಯದ ನನಗೆ ನನ್ನ ಮೇಲೇ ಸಿಟ್ಟು ಬಂತು. ಈಗಲೇ ಹೊರಡು, ರಿಕ್ಷಾ ತರಿಸುತ್ತೇನೆ, ದೀಪ ನಾನು ಹಚ್ಚುತ್ತೇನೆ ಅಂದೆ.

"ನಾನ್ ಬದ್ಕಿಪ್ಪತಿಗೆ ನನ್ ದೀಪ ನೀ ಎಂತಕ್ ಹಚ್ಚುದ್?" ಅಂದಳು. ಅಲ್ಲಿಗೆ ಮಾತು ಮುಗಿಯಿತು. ಹಠದಲ್ಲಿ ನಾನು ಅವಳ ಮಗಳೇ ಆದ್ದರಿಂದ, ದೀಪದ ಮುಂದೆ ಕೂತಲ್ಲಿಗೇ ಸೂರ್ಯನನ್ನು ತರಿಸುತ್ತೇನೆ ಎಂದು ನಿಶ್ಚಯಿಸಿದೆ.

ನಮ್ಮಲ್ಲಿ ಮಣ್ಣು ಕಲ್ಲಿನ ಕೆಲಸವೆಲ್ಲ ದೀಪಾವಳಿ ಕಳೆದ ಮೇಲೆಯೇ. ಗಾರೆಯವನು ಬಂದದ್ದು ಡಿಸೆಂಬರಿನ ಕೊನೆಯ ವಾರ. ಹಿಂದಿನ ತೆಂಗಿನ ತೋಟಕ್ಕೂ ನೆರೆಯವರ ದೋಣಿ ಶೆಡ್ಡಿಗೂ ನಡುವೆ ಎರಡು ಮಾರಿನಷ್ಟು ಸಂದಿಯಿದೆ. ಸಮುದ್ರ ಕಾಣುವುದು ಅಷ್ಟರಲ್ಲೇ. ಮೂರು ಸಂಜೆ ನಿಂತು ನೋಡಿದೆ, ಮೂರೂ ಸಂಜೆ ಸೂರ್ಯ ಆ ಸಂದಿಯ ನಡುವಿಗೇ ಇಳಿದ. ಅಮ್ಮನ ಮಣೆಯಿಂದ ಹಗ್ಗ ಎಳೆದು, ಗೋಡೆಗೆ ಸುಣ್ಣದ ಗುರುತು ಹಾಕಿ, "ಇಲ್ಲೇ ಒಡಿ" ಅಂದೆ.

ಗೋಡೆ ಒಡೆದದ್ದು ಒಂದೇ ದಿನ. ಕಿಟಕಿಯ ಚೌಕಟ್ಟಿಗೆ ಹಲಸಿನ ಮರದ ದಾರಂದ ಮಾಡಿಕೊಡಬೇಕಾದ ಬಡಗಿ ಆಚಾರಿ ಮಾತ್ರ ಮಗಳ ಬಾಣಂತನಕ್ಕೆಂದು ಹೆಂಡತಿಯನ್ನು ಬಿಡಲು ಮುಂಬೈಗೆ ಹೋದವನು ಅಲ್ಲೇ ಕೂತ. ಅಷ್ಟೂ ದಿನ ಒಡೆದ ಜಾಗಕ್ಕೆ ಟಾರ್ಪಾಲು ಮುಚ್ಚಿತ್ತು. ಎಲ್ಲ ಮುಗಿದು ಬಣ್ಣ ಒಣಗಿದಾಗ ಶಿವರಾತ್ರಿ ಬಂದಿತ್ತು.

ಆ ಸಂಜೆ ಅಮ್ಮ ಹೊಸ ಸೀರೆ ಉಟ್ಟು, ದೀಪ ಹಚ್ಚಿ, ಕಿಟಕಿಯತ್ತ ತಿರುಗಿ ಕೂತಳು. ಗಾರೆಯವನೂ ನೋಡಲು ಬಂದಿದ್ದ. ಸಂದಿಯಲ್ಲಿ ಸಮುದ್ರವೇನೋ ಕೆಂಪಾಯಿತು, ಸೂರ್ಯ ಬರಲೇ ಇಲ್ಲ. ಹೊರಗೆ ಓಡಿ ನೋಡಿದರೆ ಪುಣ್ಯಾತ್ಮ ಬಲಕ್ಕೆ ಸರಿದು, ದೋಣಿ ಶೆಡ್ಡಿನ ತಗಡಿನ ಹಿಂದೆ ಇಳಿಯುತ್ತಿದ್ದ.

"ಹ್ವಾಯ್ ಟೀಚರೇ, ಹೊತ್ತ್ ಎಂತಕ್ ಜಾಗ ಬದ್ಲ್ಸ್‌ತ್?" ಅಂದ ಗಾರೆಯವನು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗ್ಲೋಬು ತಿರುಗಿಸಿ, ಭೂಮಿಯ ಅಕ್ಷ ಇಪ್ಪತ್ಮೂರೂವರೆ ಡಿಗ್ರಿ ವಾಲಿದೆ, ಅದರಿಂದಲೇ ಋತುಗಳು ಎಂದು ಮಕ್ಕಳಿಂದ ಬಾಯಿಪಾಠ ಹೇಳಿಸಿದವಳು ನಾನು. ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಇದೆ. ಆ ವಾಲಿದ ಭೂಮಿಯ ಮೇಲೆ ನಮ್ಮ ಮನೆಯೂ ಇದೆ ಎಂಬುದು ಒಮ್ಮೆಯೂ ತಲೆಗೆ ಹೋಗಿರಲಿಲ್ಲ. ನಾಚಿಕೆಯಿಂದ ಅಳು ಬಂತು. ಸೂರ್ಯ ಮತ್ತೆ ಆ ಸಂದಿಗೆ ಬರಬೇಕಾದರೆ ಇನ್ನೊಂದು ಡಿಸೆಂಬರು ಬರಬೇಕು. ಅಮ್ಮನ ಕಣ್ಣು ಅಲ್ಲಿಯ ತನಕ ಕಾಯುತ್ತದೆಯೇ?

ಮರುವಾರದಿಂದ ಹಿತ್ತಿಲಿನ ಒಂದೇ ಕಲ್ಲಿನ ಮೇಲೆ ನಿಂತು, ಸೂರ್ಯ ಇಳಿಯುವ ನೇರಕ್ಕೆ ಕಾಂಪೌಂಡು ಗೋಡೆಯಲ್ಲಿ ವಾರಕ್ಕೊಂದು ಗೆರೆ ಎಳೆಯತೊಡಗಿದೆ. ಮಾರ್ಚಿನಲ್ಲಿ ಗೆರೆಯಿಂದ ಗೆರೆಗೆ ಒಂದು ಗೇಣು. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಬಿಸಿಲು ನೆತ್ತಿಗೇ ಬಂತು, ಬಾವಿಕಟ್ಟೆಯ ಕಂಬಕ್ಕೆ ನೆರಳೇ ಇರಲಿಲ್ಲ. ಮೇ ಕೊನೆಗೆ ಗೆರೆಗಳ ನಡುವೆ ನಾಲ್ಕು ಬೆರಳು ಮಾತ್ರ ಹಿಡಿಯುತ್ತಿತ್ತು. ಆಮೇಲೆ ಮಳೆ. ಆಕಾಶವೇ ಕಾಣದ ಆ ತಿಂಗಳುಗಳಲ್ಲೂ ಸೂರ್ಯ ಉತ್ತರದ ಕೊನೆ ಮುಟ್ಟಿ ತಿರುಗಿದ್ದ. ನವರಾತ್ರಿ ಹೊತ್ತಿಗೆ ಮೋಡ ಹರಿದಾಗ ನನ್ನ ಮಾರ್ಚಿನ ಗೆರೆಗಳ ಮೇಲೆಯೇ ಹಿಂದಕ್ಕೆ ನಡೆದು ಬರುತ್ತಿದ್ದ. ಗೋಡೆ ಮುಟ್ಟಿ ನಿಂತೆ. ಇಷ್ಟು ದೊಡ್ಡ ಭೂಮಿ ವಾಲಿದ ತಲೆಯನ್ನು ಒಂದಿಷ್ಟೂ ಎತ್ತದೆ ಇಡೀ ವರ್ಷ ಸೂರ್ಯನ ಸುತ್ತ ಹೋಗುತ್ತಿದೆ, ಅದರ ಲೆಕ್ಕ ನಮ್ಮ ಹಿತ್ತಿಲಿನ ಪಾಚಿಗಟ್ಟಿದ ಗೋಡೆಯಲ್ಲಿ ಸಿಗುತ್ತಿದೆ. ಪಾಠ ಮಾಡುವಾಗ ಇಲ್ಲದ ಭಕ್ತಿ ಆಗ ಹುಟ್ಟಿತು.

ಪ್ರತಿ ಗೆರೆಯ ಸುದ್ದಿಯನ್ನೂ ಅಮ್ಮನಿಗೆ ಹೇಳುತ್ತಿದ್ದೆ. ಸೂರ್ಯ ಇಳಿಯುವುದಲ್ಲ, ನಾವು ಕೂತ ನೆಲವೇ ಮೂಡಣಕ್ಕೆ ತಿರುಗುತ್ತಾ ಸಮುದ್ರವನ್ನು ಅವನಿಗೆ ಅಡ್ಡ ತರುತ್ತದೆ ಅಂದೆ. ಎಷ್ಟು ಜೋರು ಅಂತ ಕೇಳಿದಳು. ಗಂಟೆಗೆ ಸಾವಿರದಾರುನೂರು ಕಿಲೋಮೀಟರು.

"ಅಷ್ಟ್ ಜೋರ್ ಹೋರೂ ಹಂಡಿ ನೀರ್ ಚೆಲ್ಲುದಿಲ್ಯಲೆ!" ಅಂದು ಬಚ್ಚಲಿನ ಕಡೆ ನೋಡಿದಳು. ಆ ಹೊತ್ತಿಗೆ ಅವಳಿಗೆ ಎದುರಿನದು ಬಳೆಯೊಳಗಿನಿಂದ ನೋಡಿದಷ್ಟೇ ಕಾಣುತ್ತಿತ್ತು.

ಡಿಸೆಂಬರಿನ ನಡುವಿಗೆ ಸೂರ್ಯ ಸಂದಿಗೆ ಬಂದ. ಮೊದಲ ನಾಲ್ಕು ಸಂಜೆ ಸಮುದ್ರದ ಮೇಲಿನ ಮಬ್ಬು ಅವನನ್ನು ನುಂಗಿತು. ಐದನೆಯ ಸಂಜೆ ನೀರಿನ ಗೆರೆ ಚೂರಿಯಲ್ಲಿ ಕೊಯ್ದ ಹಾಗಿತ್ತು. ಅಮ್ಮನ ಗಲ್ಲ ಹಿಡಿದು ಮುಖವನ್ನು ನೇರ ಮಾಡಿದೆ. "ಕಂಡ್ತ್," ಅಂದಳು. ಕೆಂಪು ಬಿಂಬದ ತಳ ನೀರಿಗೆ ತಾಗಿದಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು, ಬಸ್ಸು ತಿರುವಿನಲ್ಲಿ ವಾಲಿದಾಗ ಹಿಡಿಯುವ ಹಾಗೆ.

"ಹೌದೇ, ನಾವೇ ತಿರ್ಗ್ತ್!" ಅಂದಳು.

ಕೊನೆಯ ಚೂರೂ ಹೋಯಿತು. ಹೊರಗೆ ಕತ್ತಲಿಳಿಯುವಾಗ ಕೇಳಿದಳು: "ಅದ್ ಅಲ್ಲೇ ಇತ್ತ್ ಅಲ್ದಾ? ನಮ್ಗ್ ಕಾಣುದಿಲ್ಲೆ ಅಷ್ಟೇ."

"ಅಲ್ಲೇ ಇದೆ ಅಮ್ಮ."

ಆಗಲೇ ನಾವಿಬ್ಬರೂ ದೀಪದತ್ತ ನೋಡಿದ್ದು. ಹಚ್ಚಲು ಮರೆತಿದ್ದಳು. ಗೋಣು ಅಲ್ಲಾಡಿಸಿ ನಕ್ಕು, ಕತ್ತಲಲ್ಲೇ ತಡವಿ ಬೆಂಕಿಪೆಟ್ಟಿಗೆ ಹುಡುಕಿದಳು. ಕೊಡಲು ಹೋದ ನನ್ನ ಕೈಯನ್ನು ದೂಡಿದಳು.

ಅದು ಹೋದ ವರ್ಷ. ಈ ಡಿಸೆಂಬರಿನಲ್ಲಿ ಅವಳಿಗೆ ಕಿಟಕಿಯೂ ಕಾಣುವುದಿಲ್ಲ. ಆದರೂ ಅದೇ ಮಣೆಯಲ್ಲಿ ಕೂರುತ್ತಾಳೆ. ನಿನ್ನೆ ನಾನು ಅಡುಗೆಮನೆಯಲ್ಲಿದ್ದಾಗ, ಇಳಿಬಿಸಿಲು ಕಿಟಕಿಯಿಂದ ಬಂದು ಅವಳ ಕೆನ್ನೆಗೆ ತಾಗಿತಂತೆ.

"ಬಾ ಬಾ, ಬಂತ್ ಕಾಣ್," ಎಂದು ಕೂಗಿ ಕರೆದಳು.